ಜುಕಿನಿ ಹೀಚು ಹಳದಿಯಾಗಿ ಉದುರುವುದೇಕೆ? ಬೀಜ ಬಿತ್ತುವುದರಿಂದ ಕೊಯ್ಲಿನವರೆಗೆ

ಪ್ರಶ್ನೆ: ಮನೆ ಹಿಂದಿನ ಸಣ್ಣ ಜಾಗದಲ್ಲಿ ಮೊದಲ ಸಲ ಜುಕಿನಿ ಬೆಳೆಯುತ್ತಿದ್ದೇನೆ. ಟ್ರೇಯಲ್ಲಿ ಹತ್ತು ಬೀಜ ಹಾಕಿದರೆ ಹುಟ್ಟಿದ್ದು ನಾಲ್ಕೇ. ಕಿತ್ತು ನೆಟ್ಟ ಮೇಲೆ ಅದರಲ್ಲೂ ಒಂದು ಸತ್ತಿತು. ಉಳಿದ ಮೂರು ಗಿಡ ಸೊಂಪಾಗಿವೆ, ದಿನಾ ಹೂ ಬಿಡುತ್ತಿವೆ. ಆದರೆ ಹೆಚ್ಚಿನ ಹೂ ಹಾಗೇ ಉದುರಿಹೋಗುತ್ತವೆ. ಹೀಚು ಕಾಣಿಸಿಕೊಂಡರೂ ಬೆರಳುದ್ದ ಆಗುವಷ್ಟರಲ್ಲಿ ತುದಿ ಹಳದಿಯಾಗಿ ಕೊಳೆಯುತ್ತದೆ. ಎಲೆಗಳ ಮೇಲೆ ಬಿಳಿ ಮಚ್ಚೆಗಳೂ ಇವೆ. ಬೀಜವೇ ಕಳಪೆಯೇ? ಯಾವ ಔಷಧಿ ಹೊಡೆಯಲಿ? ಒಂದೇ ಒಂದು ಕಾಯಿ ಎಲೆ ಮರೆಯಲ್ಲಿ ಕಣ್ಣಿಗೆ ಬೀಳದೆ ಮೊಳಕೈ ಉದ್ದ ಬೆಳೆದಿದೆ. ಅದನ್ನು ಬೀಜಕ್ಕೆ ಬಿಡಬಹುದೇ? ಪಕ್ಕದಲ್ಲೇ ಅಲಂಕಾರಕ್ಕೆಂದು ಹಾಕಿದ ಬಣ್ಣದ ಪುಟ್ಟ ಕುಂಬಳದ ಬಳ್ಳಿಯೂ ಇದೆ. ಮುಂದಿನ ಸಲ ಬೀಜ ಹಾಕುವ ಸರಿಯಾದ ಕ್ರಮವನ್ನೂ ತಿಳಿಸಿ.

ಉತ್ತರ: ಔಷಧಿಯ ಯೋಚನೆಯನ್ನು ಸದ್ಯಕ್ಕೆ ಬಿಡಿ. ಬೀಜವನ್ನೂ ಬೈಯಬೇಡಿ. ನೀವು ಬರೆದದ್ದನ್ನು ನೋಡಿದರೆ ಹೀಚು ಉದುರುತ್ತಿರುವುದು ರೋಗದಿಂದಲ್ಲ, ಪರಾಗ ಸಿಗದೆ. ಜುಕಿನಿಯ ವಿಷಯದಲ್ಲಿ ನಾವು ಮೈಯೆಲ್ಲ ಕಣ್ಣಾಗಿರಬೇಕಾದ ಹೊತ್ತು ಎರಡೇ: ಬೀಜ ಮಣ್ಣಿನೊಳಗಿರುವ ಮೊದಲ ವಾರ, ಮತ್ತು ಹೂ ಅರಳಿರುವ ಬೆಳಗಿನ ಕೆಲವು ಗಂಟೆ. ಇವೆರಡನ್ನು ದಾಟಿಸಿಬಿಟ್ಟರೆ ಉಳಿದದ್ದನ್ನು ಬಹುಮಟ್ಟಿಗೆ ಗಿಡವೇ ನೋಡಿಕೊಳ್ಳುತ್ತದೆ. ನಿಮಗೆ ಎರಡು ಕಡೆಯೂ ಪೆಟ್ಟು ಬಿದ್ದಿದೆ. ಮೊದಲನೆಯದು ಮುಂದಿನ ಬಿತ್ತನೆಯ ಮಾತು. ಎರಡನೆಯದನ್ನು ನಾಳೆ ಬೆಳಿಗ್ಗೆಯೇ ಸರಿಮಾಡಬಹುದು, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಜುಕಿನಿ ಕುಂಬಳದ ಕುಟುಂಬದ ಗಿಡ. ಒಂದೇ ಗಿಡದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿನ ತೊಟ್ಟು ತೆಳ್ಳಗೆ, ಉದ್ದಕ್ಕೆ, ನೆಟ್ಟಗೆ ನಿಂತಿರುತ್ತದೆ. ಒಳಗೆ ಇಣುಕಿದರೆ ನಡುವೆ ಹಳದಿ ಪುಡಿ ಮೆತ್ತಿಕೊಂಡ ಒಂದು ಕಡ್ಡಿ ಕಾಣುತ್ತದೆ. ಹೆಣ್ಣು ಹೂ ಗಿಡದ ನಡುಬುಡಕ್ಕೆ ಹತ್ತಿರವಾಗಿ, ಗಿಡ್ಡ ತೊಟ್ಟಿನ ಮೇಲೆ ಕೂತಿರುತ್ತದೆ. ಹೂ ಬಿರಿಯುವ ಮೊದಲೇ ಅದರ ಕೆಳಗೆ ಪುಟ್ಟ ಜುಕಿನಿಯ ಆಕಾರದ ಹೀಚು ಇರುತ್ತದೆ. ಒಳಗೆ ಕಡ್ಡಿಯ ಬದಲು ದಪ್ಪನೆಯ, ಸೀಳುಸೀಳಾದ, ಮುಟ್ಟಿದರೆ ಅಂಟುವ ಶಲಾಕಾಗ್ರ, ಅಂದರೆ ಪರಾಗವನ್ನು ಹಿಡಿದುಕೊಳ್ಳುವ ಭಾಗ, ಇರುತ್ತದೆ. ಒಂದೆರಡು ದಿನ ಗಮನಿಸಿದರೆ ಸಾಕು, ಆಮೇಲೆ ದೂರದಿಂದಲೇ ಯಾವುದು ಗಂಡು, ಯಾವುದು ಹೆಣ್ಣು ಎಂದು ಗೊತ್ತಾಗುತ್ತದೆ.

ನಿಮ್ಮ ಮೊದಲ ದೂರಿಗೆ ಉತ್ತರ ಇಲ್ಲೇ ಇದೆ. ಹಾಗೇ ಉದುರಿಹೋಗುವ ಹೂಗಳೆಲ್ಲ ಗಂಡು ಹೂಗಳು. ಅವು ಉದುರಲೇಬೇಕು. ಹೆಚ್ಚಿನ ಗಿಡಗಳು ಹೂ ಬಿಡಲು ಶುರುವಾದ ಮೊದಲ ವಾರ, ಕೆಲವೊಮ್ಮೆ ಹತ್ತು ದಿನ, ಬರೀ ಗಂಡು ಹೂಗಳನ್ನೇ ಬಿಡುತ್ತವೆ. ಹಗಲು ಉದ್ದವಿದ್ದು ಸೆಕೆ ಜೋರಾಗಿದ್ದರೆ ಗಂಡು ಹೂಗಳು ಇನ್ನೂ ಹೆಚ್ಚು. ತಂಪು ಹವೆ, ಗಿಡ್ಡ ಹಗಲು ಹೆಣ್ಣು ಹೂಗಳಿಗೆ ಅನುಕೂಲ. ತಂಪಿನಲ್ಲಿ ಬೆಳೆದ ಗಿಡ ಹೆಣ್ಣು ಹೂವನ್ನೇ ಮೊದಲು ಬಿಟ್ಟು, ಪರಾಗ ಕೊಡಲು ಗಂಡು ಹೂವೇ ಇಲ್ಲದೆ ಮೊದಲ ಹೀಚುಗಳೆಲ್ಲ ಒಣಗುವುದೂ ಉಂಟು. ಎರಡೂ ತಾವಾಗಿಯೇ ಸರಿಹೋಗುವಂಥವು. ಈ ಹಂತದಲ್ಲಿ 'ಹೂ ನಿಲ್ಲುವ ಟಾನಿಕ್' ಎಂದು ಸಿಗುವ ಬಾಟಲಿಗಳನ್ನು ತಂದು ಸುರಿಯುವವರಿದ್ದಾರೆ. ಒಂದು ವಾರ ಕಳೆದು ಕಾಯಿ ಕಚ್ಚಿದಾಗ ಹೆಸರು ಬಾಟಲಿಗೆ ಹೋಗುತ್ತದೆ.

ಇನ್ನು ಹೀಚಿನ ಮಾತು. ಜುಕಿನಿಯ ಪರಾಗ ದಪ್ಪ, ಭಾರ, ಅಂಟು. ಗಾಳಿಗೆ ಹಾರುವಂಥದ್ದಲ್ಲ, ಜೇನೋ ದುಂಬಿಯೋ ಹೊತ್ತು ತರಬೇಕು. ಹೆಣ್ಣು ಹೂ ತೆರೆದಿರುವುದು ಒಂದೇ ಒಂದು ಬೆಳಿಗ್ಗೆ. ನಸುಕಿಗೆ ಬಿರಿದು, ಬಿಸಿಲೇರುತ್ತಿದ್ದಂತೆ ಮುದುಡಿಕೊಂಡರೆ ಮುಗಿಯಿತು, ಮಾರನೆಯ ದಿನ ಮತ್ತೆ ತೆರೆಯುವುದಿಲ್ಲ. ಕಾಯಿಯೊಳಗೆ ಆಗಬೇಕಾದ ಒಂದೊಂದು ಬೀಜಕ್ಕೂ ಒಂದೊಂದು ಪರಾಗ ಕಣ ಬೇಕು. ಅಂದಮೇಲೆ ಜೇನು ಒಂದು ಸಲ ಬಂದು ಕೂತು ಹೋದರೆ ಸಾಲದು, ಹಲವು ಸಲ ಬರಬೇಕು. ಅರೆಬರೆ ಪರಾಗ ಸಿಕ್ಕಿದರೆ ಕಾಯಿ ಡೊಂಕಾಗಿ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗುತ್ತದೆ. ಏನೇನೂ ಸಿಗದ ಹೀಚನ್ನು ಗಿಡ ಕೈಬಿಡುತ್ತದೆ. ಎರಡು ಮೂರು ದಿನದಲ್ಲಿ ತುದಿ ಹಳದಿಯಾಗಿ, ಮೆತ್ತಗಾಗಿ, ಕೊನೆಗೆ ಅದರ ಮೇಲೆ ಬೂಷ್ಟು ಕೂರುತ್ತದೆ. ನೋಡಿದವರಿಗೆ ಬೂಷ್ಟೇ ಕಾರಣ ಅನಿಸುವುದು ಸಹಜ. ಅದು ಬಂದದ್ದು ಹೀಚು ಸತ್ತ ಮೇಲೆ.

ನಾಳೆ ಬೆಳಿಗ್ಗೆ ಹೀಗೆ ಮಾಡಿ. ಸೂರ್ಯ ಹುಟ್ಟಿದ ಮೇಲೆ, ಬಿಸಿಲು ಚುರುಗುಟ್ಟುವ ಮೊದಲು ತೋಟಕ್ಕೆ ಹೋಗಿ. ಎಂಟು ಗಂಟೆಯೊಳಗೆ ಹೋದರೆ ಒಳ್ಳೆಯದು. ಆ ದಿನವೇ ಅರಳಿದ ಗಂಡು ಹೂವೊಂದನ್ನು ತೊಟ್ಟು ಸಮೇತ ಕಿತ್ತುಕೊಂಡು ನಡುವಿನ ಕಡ್ಡಿಗೆ ಬೆರಳು ತಾಗಿಸಿ. ಬೆರಳಿಗೆ ಹಳದಿ ಪುಡಿ ಹತ್ತಿದರೆ ಪರಾಗ ಹದವಾಗಿದೆ. ಹತ್ತದಿದ್ದರೆ ಅರ್ಧ ಗಂಟೆ ಬಿಟ್ಟು ಬನ್ನಿ, ಇಬ್ಬನಿ ಆರಿರುತ್ತದೆ. ಹೂವಿನ ಎಸಳುಗಳನ್ನು ಹಿಂದಕ್ಕೆ ಸುಲಿದು ತೆಗೆದರೆ ತೊಟ್ಟಿನ ತುದಿಯಲ್ಲಿ ಪರಾಗದ ಕಡ್ಡಿ ಮಾತ್ರ ಉಳಿಯುತ್ತದೆ, ಕೈಗೆ ಒಂದು ಪುಟ್ಟ ಬ್ರಷ್ ಸಿಕ್ಕ ಹಾಗೆ. ಅದನ್ನು ಅರಳಿದ ಹೆಣ್ಣು ಹೂವಿನೊಳಗೆ ಇಳಿಸಿ, ಶಲಾಕಾಗ್ರದ ಎಲ್ಲ ಸೀಳುಗಳಿಗೂ ಹಳದಿ ಮೆತ್ತುವಂತೆ ಸುತ್ತಲೂ ಹಗುರವಾಗಿ ಸವರಿ. ಒಂದೇ ಸೀಳಿಗೆ ಸವರಿ ಬಂದರೆ ಡೊಂಕು ಕಾಯಿಯೇ ಗತಿ. ಒಂದು ಗಂಡು ಹೂ ಎರಡು ಹೆಣ್ಣು ಹೂಗಳಿಗೆ ಸಾಲುತ್ತದೆ. ಹೂಗಳು ಸಾಕಷ್ಟಿದ್ದರೆ ಜಿಪುಣತನ ಬೇಡ, ಒಂದು ಹೆಣ್ಣು ಹೂವಿಗೆ ಎರಡು ಗಂಡು ಹೂ ಬಳಸಿ.

ಕಾಯಿ ಕಚ್ಚಿತೋ ಇಲ್ಲವೋ ಎಂದು ತಿಳಿಯಲು ವಾರ ಕಾಯಬೇಕಿಲ್ಲ. ಎರಡು ದಿನದಲ್ಲಿ ಹೀಚು ಹೊಳಪೇರಿ, ಉದ್ದವಾಗಿ, ತುಸು ಬಾಗತೊಡಗುತ್ತದೆ. ಬಾಡಿದ ಹೂ ತುದಿಯಲ್ಲಿ ಒದ್ದೆಯಾಗಿ ಅಂಟಿಕೊಂಡಿದ್ದರೆ ಮೆಲ್ಲಗೆ ತಿರುವಿ ತೆಗೆದುಬಿಡಿ. ಮಳೆ ಹಿಡಿದ ದಿನಗಳಲ್ಲಿ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ.

ನಿಮ್ಮ ಗಿಡದಲ್ಲಿ ಒಂದು ದಿನ ಹೆಣ್ಣು ಹೂ ಮಾತ್ರ ಅರಳಿ ಗಂಡು ಹೂ ಇಲ್ಲದೇ ಹೋದರೆ ಪಕ್ಕದ ಅಲಂಕಾರಿಕ ಕುಂಬಳದ ಗಂಡು ಹೂ ಕೂಡ ನಡೆಯುತ್ತದೆ. ಸಾಮಾನ್ಯವಾಗಿ ಎರಡೂ ಕುಕುರ್ಬಿಟಾ ಪೆಪೋ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಆ ಪರಾಗದಿಂದ ಆಗುವ ಜುಕಿನಿಯ ರುಚಿ, ಬಣ್ಣ, ಆಕಾರ ಏನೂ ಬದಲಾಗುವುದಿಲ್ಲ, ಏಕೆಂದರೆ ಕಾಯಿಯ ತಿರುಳು ತಾಯಿ ಗಿಡದ್ದು. ಬದಲಾಗುವುದು ಒಳಗಿನ ಬೀಜ. ಅದು ಸಣ್ಣ ವಿಷಯವಲ್ಲ. ನಿಮ್ಮ ಮೊಳಕೈ ಉದ್ದದ ಕಾಯಿಯ ಬಗ್ಗೆ ಹೇಳುವಾಗ ಅದಕ್ಕೆ ಬರುತ್ತೇನೆ. ಸೌತೆ, ಕರಬೂಜ, ಹಾಗಲದ ಹೂ ತಂದು ಸವರಿದರೆ ಮಾತ್ರ ಏನೂ ಆಗದು, ಅವು ಬೇರೆಯೇ ಜಾತಿ.

ಕೈಯಿಂದ ಪರಾಗ ಕೊಡುವುದು ಇವತ್ತಿನ ಪರಿಹಾರ. ದಿನಾ ಅದನ್ನೇ ಮಾಡುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಜೇನು ಬರುವ ಹಾಗೆ ಮಾಡಿಕೊಳ್ಳಿ: ಸುತ್ತ ಒಂದಷ್ಟು ಹೂಗಿಡ ಇರಲಿ, ಹೂ ಬಿಡುವ ಕಾಲದಲ್ಲಿ ಕೀಟನಾಶಕ ಬೇಡ. ಬೇವಿನೆಣ್ಣೆಯಂಥದ್ದನ್ನೂ ಸಂಜೆ, ಹೂಗಳು ಮುಚ್ಚಿದ ಮೇಲೆ ಮಾತ್ರ ಸಿಂಪಡಿಸಿ. ಬಲೆಯೊಳಗೆ, ಗಾಜಿನ ಮನೆಯಲ್ಲಿ ಅಥವಾ ಜೇನು ಹತ್ತದ ಎತ್ತರದ ಮಹಡಿಯಲ್ಲಿ ಬೆಳೆಯುವವರಿಗೆ ಪರಾಗವಿಲ್ಲದೆಯೇ ಕಾಯಿ ಕಟ್ಟುವ ತಳಿಗಳಿವೆ. ಪಾರ್ಥೆನಾನ್, ಕವಿಲಿ ಅಂಥವು. ನಿಮಗೆ ಅದರ ಅಗತ್ಯ ಕಾಣುವುದಿಲ್ಲ. ಒಂದು ಕಾಯಿ ಮೊಳಕೈ ಉದ್ದ ಬೆಳೆದಿದೆ ಎಂದರೆ ಜೇನು ನಿಮ್ಮಲ್ಲಿಗೆ ಬರುತ್ತಿದೆ, ಸಾಲುತ್ತಿಲ್ಲ ಅಷ್ಟೆ.

ಇದೇ ಥರ ಕಂಡರೂ ಬೇರೆಯಾದ ಇನ್ನೊಂದು ತೊಂದರೆ ಇದೆ. ಕಾಯಿ ಕಚ್ಚಿ, ಅರ್ಧ ಬೆಳೆದು, ಆಮೇಲೆ ತುದಿಯಲ್ಲಿ ಕಂದು ಅಥವಾ ಕಪ್ಪು ಬಣ್ಣದ ತಗ್ಗು ಬಿದ್ದು ಚರ್ಮದಂತೆ ಗಟ್ಟಿಯಾದರೆ, ಅದು ತುದಿ ಕೊಳೆ. ಬೆಳೆಯುವ ಕಾಯಿಯ ತುದಿಗೆ ಸುಣ್ಣದಂಶ ತಲುಪದೆ ಆಗುವಂಥದ್ದು. ಬಹಳ ಸಲ ಮಣ್ಣಿನಲ್ಲಿ ಸುಣ್ಣದ ಕೊರತೆ ಇರುವುದಿಲ್ಲ, ನೀರಿನ ಏರುಪೇರು ಇರುತ್ತದೆ: ಮೂರು ದಿನ ಒಣಗಿಸಿ ನಾಲ್ಕನೆಯ ದಿನ ಕೆಸರು ಮಾಡಿದರೆ ಹೀಗಾಗುತ್ತದೆ. ಮೊಟ್ಟೆ ಚಿಪ್ಪಿನ ಪುಡಿ ಹಾಕುವ ಮೊದಲು ನೀರಿನ ಕ್ರಮ ಸರಿಮಾಡಿ.

ಬಿಳಿ ಮಚ್ಚೆಗಳಿಗೆ ಬರೋಣ. ಜುಕಿನಿಯ ಹಲವು ತಳಿಗಳಲ್ಲಿ ಎಲೆಯ ಮೇಲೆ ಬೆಳ್ಳಿ ಬಣ್ಣದ ಚಿತ್ತಾರ ಹುಟ್ಟಿನಿಂದಲೇ ಇರುತ್ತದೆ. ನರಗಳು ಕೂಡುವ ಕೋನಗಳಲ್ಲಿ, ಎಲ್ಲ ಎಲೆಗಳಲ್ಲೂ ಸುಮಾರಾಗಿ ಒಂದೇ ವಿನ್ಯಾಸ. ಬೆರಳಿನಿಂದ ಉಜ್ಜಿ ನೋಡಿ. ಏನೂ ಅಳಿಯದಿದ್ದರೆ ಅದು ತಳಿಯ ಗುಣ, ಮರೆತುಬಿಡಿ. ಬೂದಿಯಂಥ ಪುಡಿ ಬೆರಳಿಗೆ ಹತ್ತಿದರೆ, ಮಚ್ಚೆಗಳು ನರಗಳ ಲೆಕ್ಕವಿಲ್ಲದೆ ಎಲ್ಲೆಂದರಲ್ಲಿ ದುಂಡಗೆ ಎದ್ದಿದ್ದರೆ, ಅದು ಬೂದಿರೋಗ. ಹಳೆಯ, ಬುಡದ ಎಲೆಗಳಲ್ಲಿ ಮೊದಲು ಕಾಣುತ್ತದೆ. ಇದಕ್ಕೆ ನನ್ನ ಮೊದಲ ಆಯ್ಕೆ ಹಾಲು. 1999ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ ಹಸಿರುಮನೆಯ ಜುಕಿನಿ ಗಿಡಗಳ ಮೇಲೆಯೇ ಇದನ್ನು ಪರೀಕ್ಷಿಸಿ, ನೀರಿನಲ್ಲಿ ಹಸುವಿನ ಹಾಲು ಬೆರೆಸಿ ಸಿಂಪಡಿಸಿದರೆ ಬೂದಿರೋಗ ಹತೋಟಿಗೆ ಬರುತ್ತದೆಂದು ತೋರಿಸಿದರು. ಒಂಬತ್ತು ಪಾಲು ನೀರಿಗೆ ಒಂದು ಪಾಲು ಹಾಲು, ವಾರಕ್ಕೊಮ್ಮೆ, ಬೆಳಗಿನ ಬಿಸಿಲಿನಲ್ಲಿ, ಎಲೆಯ ಎರಡೂ ಮಗ್ಗುಲಿಗೆ ಸಿಂಪಡಿಸಿ. ರೋಗ ಮೊದಲ ಮಚ್ಚೆಗಳಲ್ಲಿದ್ದಾಗ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಎಲೆಯೆಲ್ಲ ಹಿಟ್ಟು ಬಳಿದಂತಾದ ಮೇಲೆ ಆ ಎಲೆಯನ್ನು ಕತ್ತರಿಸಿ ತೆಗೆಯುವುದೇ ವಾಸಿ.

ಈಗ, ಹತ್ತರಲ್ಲಿ ನಾಲ್ಕೇ ಬೀಜ ಹುಟ್ಟಿದ್ದೇಕೆ? ಜುಕಿನಿಯ ಬೀಜ ಗಟ್ಟಿಮುಟ್ಟು. ಒಣಗಿಸಿ ತಂಪಾದ ಜಾಗದಲ್ಲಿ ಇಟ್ಟರೆ ನಾಲ್ಕೈದು ವರ್ಷ ಹುಟ್ಟುವ ಶಕ್ತಿ ಉಳಿಸಿಕೊಂಡಿರುತ್ತದೆ. ಅದಕ್ಕೆ ಆಗದಿರುವುದು ತಣ್ಣಗಿನ ಒದ್ದೆ ಮಣ್ಣು. ಮಣ್ಣಿನ ಬಿಸಿ 15 ಡಿಗ್ರಿಗಿಂತ ಕೆಳಗಿದ್ದರೆ ಬೀಜ ಮೊಳೆಯುವುದಿಲ್ಲ, ಕೊಳೆಯುತ್ತದೆ. 25ರಿಂದ 30 ಡಿಗ್ರಿ ಇದ್ದರೆ ವಾರದೊಳಗೆ ತಲೆಯೆತ್ತುತ್ತದೆ. ಇವೆರಡರ ನಡುವಿದ್ದರೆ ಹತ್ತು ದಿನ, ಎರಡು ವಾರ ಎಳೆಯಬಹುದು. ಹಾಗೆ ಎಳೆದಷ್ಟೂ ಕೊಳೆಯುವ ಅಪಾಯ ಜಾಸ್ತಿ. ಗಾಳಿಯ ಬಿಸಿ ನೋಡಿ ಮೋಸ ಹೋಗಬೇಡಿ. ಮಧ್ಯಾಹ್ನ ಸೆಕೆಯಿದ್ದು ರಾತ್ರಿ ಚಳಿಯಿದ್ದರೆ ಟ್ರೇಯ ತೆಳುವಾದ ಮಣ್ಣು ರಾತ್ರಿಯಿಡೀ ತಣ್ಣಗಾಗುತ್ತದೆ. ಅದರ ಮೇಲೆ ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಕೇಳುವುದೇ ಬೇಡ. ಬಿತ್ತುವಾಗ ಒಮ್ಮೆ ಚೆನ್ನಾಗಿ ನೆನೆಸಿದ ಮಣ್ಣಿಗೆ ಮೊಳಕೆ ಕಾಣುವವರೆಗೆ ಬಹಳ ಸಲ ಮತ್ತೆ ನೀರೇ ಬೇಕಾಗುವುದಿಲ್ಲ. ಮೇಲ್ಮಣ್ಣು ಪೂರ್ತಿ ಒಣಗಿದರೆ ಸ್ವಲ್ಪ ಕೊಡಿ.

ಬೀಜ ಕೆಟ್ಟಿತ್ತೋ ಮಣ್ಣು ಕೆಡಿಸಿತೋ ಎಂದು ತೀರ್ಮಾನಿಸುವುದು ಸುಲಭ. ಪೊಟ್ಟಣದಲ್ಲಿ ಉಳಿದ ಬೀಜಗಳಲ್ಲಿ ಐದಾರನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯೊಳಗಿಟ್ಟು, ಮನೆಯಲ್ಲಿ ಬೆಚ್ಚಗಿರುವ ಜಾಗದಲ್ಲಿಡಿ. ನಾಲ್ಕೈದು ದಿನದಲ್ಲಿ ಬಹುಪಾಲು ಬೀಜ ಬೇರು ಬಿಟ್ಟರೆ ತಪ್ಪು ಬೀಜದ್ದಲ್ಲ. ಆ ಮೊಳೆತ ಬೀಜಗಳನ್ನು ಬಿಸಾಡಬೇಡಿ, ಬೇರು ಮುರಿಯದಂತೆ ನೆಟ್ಟರೆ ಗಿಡವಾಗುತ್ತವೆ.

ಬಿತ್ತುವ ಆಳ ಎರಡು, ಎರಡೂವರೆ ಸೆಂಟಿಮೀಟರ್. ಬೀಜವನ್ನು ಅಂಚಿನ ಮೇಲೆ ನಿಲ್ಲಿಸಿ ಬಿತ್ತಬೇಕು, ಚೂಪು ತುದಿ ಕೆಳಗಿರಬೇಕು ಎಂದೆಲ್ಲ ಹೇಳುವವರಿದ್ದಾರೆ. ನನ್ನ ಪ್ರಕಾರ ಮಣ್ಣಿನಲ್ಲಿ ನೀರು ನಿಲ್ಲದಿದ್ದರೆ ಚಪ್ಪಟೆಯಾಗಿ ಮಲಗಿಸುವುದೇ ಸರಿ, ಅದಕ್ಕೊಂದು ಕಾರಣವೂ ಇದೆ. ಕುಂಬಳ ಜಾತಿಯ ಬೀಜ ಮೊಳೆಯುವಾಗ ಬೇರು ಮತ್ತು ಕಾಂಡ ಸೇರುವ ಕಡೆ, ಕೆಳಮಗ್ಗುಲಿಗೆ, ಒಂದು ಪುಟ್ಟ ಗೂಟದಂಥ ಮುಂಚಾಚು ಮೂಡುತ್ತದೆ. ಅದು ಬೀಜದ ಸಿಪ್ಪೆಯ ಕೆಳಹೋಳನ್ನು ಮಣ್ಣಿಗೆ ಒತ್ತಿ ಹಿಡಿಯುತ್ತದೆ. ಬಾಗಿದ ಕಾಂಡ ಮೇಲಕ್ಕೆ ಎಳೆದಾಗ ಎರಡು ಬೀಜದಳಗಳೂ ಸಿಪ್ಪೆಯಿಂದ ಜಾರಿ ಹೊರಬರುತ್ತವೆ, ಸಿಪ್ಪೆ ಮಣ್ಣಿನಲ್ಲೇ ಉಳಿಯುತ್ತದೆ. ಡಾರ್ವಿನ್ 1880ರಲ್ಲೇ ಇದನ್ನು ಕೂತು ನೋಡಿ ವಿವರಿಸಿದ್ದಾನೆ. ಬೀಜ ತೀರಾ ಮೇಲೆ ಇದ್ದರೆ ಸಿಪ್ಪೆಯನ್ನು ಹಿಡಿದಿಡಲು ಮಣ್ಣಿನ ಭಾರವೇ ಇರುವುದಿಲ್ಲ. ಸಸಿ ತಲೆಯ ಮೇಲೆ ಸಿಪ್ಪೆಯ ಟೋಪಿ ಹೊತ್ತುಕೊಂಡೇ ಮೇಲೆ ಬಂದು, ದಳ ಬಿಚ್ಚಲಾಗದೆ ಒದ್ದಾಡುತ್ತದೆ. ಹಾಗಾದರೆ ಒಣ ಸಿಪ್ಪೆಯನ್ನು ಕೀಳಬೇಡಿ, ದಳವೇ ಹರಿದುಹೋಗುತ್ತದೆ. ಬೆರಳಿನಿಂದ ನೀರಿನ ಹನಿ ಬಿಟ್ಟು, ಒಂದೆರಡು ಗಂಟೆ ಕಳೆದು ಸಿಪ್ಪೆ ಮೆತ್ತಗಾದ ಮೇಲೆ ಅಂಚನ್ನು ಒತ್ತಿ ಬಿಡಿಸಿ.

ಬೀಜ ನೆನೆಸಬೇಕೇ ಎಂದರೆ ಕಡ್ಡಾಯವೇನಿಲ್ಲ. ನೆನೆಸುವುದಾದರೆ ಸಂಜೆ ಹಾಕಿ ಬೆಳಿಗ್ಗೆ ತೆಗೆಯಿರಿ. ನೀರಿನಲ್ಲೇ ಎರಡು ದಿನ ಬಿಟ್ಟರೆ ಉಸಿರುಗಟ್ಟುತ್ತದೆ.

ನಾಟಿ ಮಾಡಿದ ಮೇಲೆ ಸತ್ತ ಸಸಿ ಬೇರಿನ ಪೆಟ್ಟಿನಿಂದ ಸತ್ತಿರುವ ಸಾಧ್ಯತೆಯೇ ಹೆಚ್ಚು. ಟೊಮೆಟೊ, ಬದನೆ ಸಸಿ ಕಿತ್ತು ನೆಟ್ಟರೂ ಸುಧಾರಿಸಿಕೊಳ್ಳುತ್ತವೆ. ಕುಂಬಳ ಜಾತಿಯ ಗಿಡಗಳಿಗೆ ಬೇರು ಅಲುಗಿದರೆ ಸಹಿಸದು. ಆದ್ದರಿಂದ ಮಣ್ಣು ಬೆಚ್ಚಗಿರುವ ಕಾಲದಲ್ಲಿ ನಾನು ಯಾರಿಗೂ ಟ್ರೇ ಹೇಳುವುದಿಲ್ಲ. ಗಿಡ ಎಲ್ಲಿ ಬೆಳೆಯಬೇಕೋ ಅಲ್ಲೇ ಗುಣಿಗೆ ಎರಡು ಬೀಜ ಹಾಕಿ. ಎರಡೂ ಹುಟ್ಟಿದರೆ ಸಪ್ಪೆಯಾಗಿರುವುದನ್ನು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ ಸಸಿಯ ಬೇರೂ ಎದ್ದು ಬರುತ್ತದೆ. ಚಳಿ ಮುಗಿಯುವ ಮೊದಲೇ ಶುರುಮಾಡುವ ಆತುರವಿದ್ದರೆ ಮಾತ್ರ ಒಳಗೆ ಬೆಳೆಸಿ, ಅದೂ ಒಂದೊಂದು ಬೀಜಕ್ಕೆ ಒಂದೊಂದು ಕಾಗದದ ಲೋಟ. ಲೋಟದ ತಳ ಹರಿದು ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿಬಿಡಬಹುದು. ಬಿತ್ತಿ ಮೂರು ವಾರದೊಳಗೆ, ಬೀಜದಳಗಳ ಬಳಿಕ ಒಂದೆರಡು ನಿಜವಾದ ಎಲೆ ಬಂದಾಗಲೇ ನಾಟಿ ಮುಗಿಯಬೇಕು. ಅದಕ್ಕಿಂತ ಮೊದಲು ನಾಲ್ಕೈದು ದಿನ ಹೊರಗಿನ ಬಿಸಿಲು ಗಾಳಿಗೆ ಸ್ವಲ್ಪ ಸ್ವಲ್ಪವಾಗಿ ಒಡ್ಡಿ ಅಭ್ಯಾಸ ಮಾಡಿಸಿ.

ಜಾಗದ ವಿಷಯದಲ್ಲಿ ಎಲ್ಲರೂ ಲೋಭ ಮಾಡುತ್ತಾರೆ. ಸಸಿ ಅಂಗೈಯಷ್ಟಿದ್ದಾಗ ಒಂದಡಿ ಅಂತರ ಧಾರಾಳ ಅನಿಸುತ್ತದೆ. ಒಂದೂವರೆ ತಿಂಗಳಲ್ಲಿ ಅದೇ ಗಿಡ ಒಂದು ಮೀಟರ್ ಅಗಲ ಹರಡಿ ನಿಂತಿರುತ್ತದೆ. ಗಿಡದಿಂದ ಗಿಡಕ್ಕೆ 75ರಿಂದ 90 ಸೆಂಟಿಮೀಟರ್ ಬಿಡಿ. ಗಾಳಿಯಾಡದಿದ್ದರೆ ಬೂದಿರೋಗ ತಪ್ಪಿದ್ದಲ್ಲ, ಕಾಯಿ ಕಣ್ಣಿಗೆ ಬೀಳುವುದೂ ಇಲ್ಲ. ಕುಂಡದಲ್ಲಾದರೆ ಕನಿಷ್ಠ 40 ಸೆಂಟಿಮೀಟರ್ ಅಗಲ, ಅಷ್ಟೇ ಆಳ, ಒಂದಕ್ಕೆ ಒಂದೇ ಗಿಡ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು.

ಗೊಬ್ಬರಕ್ಕೆ ಬಂದರೆ ಇದು ಹೊಟ್ಟೆಬಾಕ ಗಿಡ. ಗುಣಿಗೆ ಎರಡು ಬೊಗಸೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ, ಹೂ ಬಿಡಲು ಶುರುವಾದಾಗ ಬುಡದ ಸುತ್ತ ಇನ್ನೊಮ್ಮೆ ಕೊಡಿ. ಸಾರಜನಕದ ಗೊಬ್ಬರವನ್ನೇ ಮತ್ತೆ ಮತ್ತೆ ಕೊಟ್ಟರೆ ಎಲೆ ಮಾತ್ರ ಕೊಡೆಯಗಲ ಆಗುತ್ತದೆ, ಕಾಯಿ ಕಡಿಮೆ. ನೀರು ಬುಡಕ್ಕೆ, ಆಳಕ್ಕೆ ಇಳಿಯುವಂತೆ. ಬೆರಳನ್ನು ಮಣ್ಣಿಗೆ ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಕೊಡಿ. ಮಧ್ಯಾಹ್ನ ಎಲೆಗಳೆಲ್ಲ ಜೋತುಬಿದ್ದದ್ದು ನೋಡಿ ಗಾಬರಿಯಾಗಿ ಕೊಡ ಎತ್ತಿಕೊಂಡು ಓಡಬೇಡಿ. ಅಷ್ಟಗಲ ಎಲೆಗೆ ಬೇರು ಅದೇ ಕ್ಷಣ ನೀರು ಪೂರೈಸಲಾರದು, ಸಂಜೆಗೆ ತಾನೇ ನೆಟ್ಟಗಾಗುತ್ತದೆ. ಬೆಳಿಗ್ಗೆಯೂ ಜೋತಿದ್ದರೆ ಮಾತ್ರ ಚಿಂತೆಯ ವಿಷಯ.

ಕೀಟಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಸಸಿಗೆ ಎರಡು ದಳ ಬಿಚ್ಚಿರುವ ಹಂತದಲ್ಲಿ ಕಿತ್ತಳೆಗೆಂಪು ಬಣ್ಣದ ಕುಂಬಳದ ದುಂಬಿ ಒಂದೇ ದಿನದಲ್ಲಿ ಜರಡಿ ಮಾಡಿಬಿಡುತ್ತದೆ. ಈ ದುಂಬಿಯ ಕಾಟವಿರುವ ಕಡೆ ಬಿತ್ತಿದ ದಿನದಿಂದ ಹೂ ಬರುವವರೆಗೆ ಸಣ್ಣ ಕಣ್ಣಿನ ಬಲೆ ಮುಚ್ಚಿ, ಹೂ ಬಂದ ದಿನ ತೆಗೆಯಿರಿ. ಹಣ್ಣಿನ ನೊಣ ಎಳೆಗಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಚುಚ್ಚಿದ ಕಡೆ ಅಂಟಿನ ಹನಿ ಕಾಣುತ್ತದೆ, ಕಾಯಿ ಅಲ್ಲಿಂದ ಬಾಗಿ ಒಳಗೆ ಹುಳುವಾಗುತ್ತದೆ. ಕಾಯಿ ಕಚ್ಚಿದ್ದು ಖಾತ್ರಿಯಾದ ಕೂಡಲೇ ತೆಳುಬಟ್ಟೆಯ ಅಥವಾ ಕಾಗದದ ಚೀಲ ಕಟ್ಟುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಹೇಗೂ ವಾರದೊಳಗೆ ಕೊಯ್ಯುವ ಕಾಯಿ. ಹುಳುಬಿದ್ದ ಕಾಯಿಯನ್ನು ಬುಡದಲ್ಲೇ ಬಿಡಬೇಡಿ. ಎಲೆ ಹಳದಿ ಹಸಿರು ತೇಪೆಯಾಗಿ, ಗುಳ್ಳೆಯೆದ್ದು, ಕಿರಿದಾಗಿ, ಕಾಯಿ ಗಂಟುಗಂಟಾಗಿ ಬರುತ್ತಿದ್ದರೆ ಅದು ಗಿಡಹೇನು ತಂದ ಮೊಸಾಯಿಕ್ ನಂಜು. ಅದಕ್ಕೆ ಮದ್ದಿಲ್ಲ. ಗಿಡ ಕಿತ್ತು ದೂರ ಹಾಕಿ, ಚಾಕು ತೊಳೆಯಿರಿ.

ಕೊಯ್ಲು ಬಿತ್ತಿದ 45ರಿಂದ 55 ದಿನಕ್ಕೆ ಶುರುವಾಗುತ್ತದೆ. ಕಾಯಿ 15ರಿಂದ 20 ಸೆಂಟಿಮೀಟರ್ ಇರುವಾಗ, ಉಗುರು ತಾಗಿಸಿದರೆ ಸಿಪ್ಪೆ ಸಲೀಸಾಗಿ ಇಳಿಯುವಾಗಲೇ ಕೊಯ್ಯಬೇಕು. ಪರಾಗ ಸಿಕ್ಕ ಮೇಲೆ ಅಷ್ಟಾಗಲು ನಾಲ್ಕು ದಿನದಿಂದ ಒಂದು ವಾರ ಸಾಕು. ತಿರುಚಿ ಕೀಳದೆ, ತುಸು ತೊಟ್ಟು ಬಿಟ್ಟು ಚಾಕುವಿನಲ್ಲಿ ಕತ್ತರಿಸಿ. ತೊಟ್ಟು, ಎಲೆಗಳ ಮೇಲೆ ಚುಚ್ಚುವ ಸುಂಕು ಇರುತ್ತದೆ, ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ. ಎರಡು ದಿನಕ್ಕೊಮ್ಮೆ ಎಲೆ ಸರಿಸಿ ನೋಡಲೇಬೇಕು. ಒಂದು ಕಾಯಿ ಬಲಿಯತೊಡಗಿದರೆ ಗಿಡ ತನ್ನ ಶಕ್ತಿಯನ್ನೆಲ್ಲ ಅದರ ಬೀಜಕ್ಕೆ ಹರಿಸಿ ಹೊಸ ಹೆಣ್ಣು ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಈಗ ನಿಮ್ಮ ಗಿಡಗಳಲ್ಲಿ ಒಂದು ಅದೇ ಸ್ಥಿತಿಯಲ್ಲಿದೆ.

ಹಾಗಾದರೆ ಆ ಕಾಯಿಯನ್ನು ಬೀಜಕ್ಕೆ ಬಿಡಬಹುದೇ? ಬೇಡ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ನಿಮ್ಮ ಪೊಟ್ಟಣದ ಮೇಲೆ ಎಫ್1 (ಎರಡು ತಳಿಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್ ಬೀಜ) ಎಂದಿದ್ದರೆ ಮುಂದಿನ ಪೀಳಿಗೆ ಹೇಗೂ ತಾಯಿಯಂತೆ ಬರುವುದಿಲ್ಲ, ಆದರೆ ಅದು ಬರೀ ನಿರಾಸೆಯ ಮಾತು. ಅಪಾಯ ಇರುವುದು ಬೇರೆ ಕಡೆ. ಈ ಪ್ರಭೇದದ ಕಾಡು ಮೂಲಗಳು ಕಡು ಕಹಿ. ಆ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ವಿಷಕಾರಿ. ಮೆಕ್ಸಿಕೋದ ಓಅಹಾಕಾದ ಗುಹೆಯೊಂದರಲ್ಲಿ ಸುಮಾರು 10,000 ವರ್ಷ ಹಳೆಯ, ಮನುಷ್ಯರು ಬೆಳೆಸಿದ ಪೆಪೋ ಬೀಜಗಳು ಸಿಕ್ಕಿವೆ. ಅಷ್ಟು ಕಾಲದಿಂದ ಜನ ಕಹಿಯಿಲ್ಲದ ಗಿಡಗಳನ್ನೇ ಆರಿಸಿ ಆರಿಸಿ ಬೆಳೆಸಿದ್ದರಿಂದ ಇವತ್ತು ನಮ್ಮ ಜುಕಿನಿ ಸಪ್ಪೆಯಾಗಿದೆ. ಅಲಂಕಾರಿಕ ಕುಂಬಳವನ್ನು ಯಾರೂ ತಿನ್ನಲು ಬೆಳೆಸುವುದಿಲ್ಲವಾದ್ದರಿಂದ ಅದರಲ್ಲಿ ಕಹಿಯ ಗುಣ ಹಾಗೇ ಉಳಿದಿರುತ್ತದೆ. ಜೇನು ಅಲ್ಲಿಂದ ನಿಮ್ಮ ಜುಕಿನಿಗೆ ಪರಾಗ ತಂದಿದ್ದರೆ ಈ ಕಾಯಿ ತಿನ್ನಲು ಚೆನ್ನಾಗಿಯೇ ಇರುತ್ತದೆ, ಇದರ ಬೀಜದಿಂದ ಹುಟ್ಟಿದ ಗಿಡದ ಕಾಯಿ ವಿಷವಾಗಬಹುದು. ನೋಡಲು ಅಪ್ಪಟ ಜುಕಿನಿಯಂತೆಯೇ ಇರಬಹುದು.

ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ಹೊಟ್ಟೆ ಕಿವುಚಿ ವಾಂತಿ, ಭೇದಿ ಹತ್ತಿ ಆಸ್ಪತ್ರೆ ಸೇರಿದವರಿದ್ದಾರೆ. 2018ರಲ್ಲಿ ಫ್ರಾನ್ಸಿನ ಚರ್ಮವೈದ್ಯರೊಬ್ಬರು, ಕಹಿ ಕುಂಬಳದ ಅಡುಗೆ ತಿಂದು ಕಾಯಿಲೆಬಿದ್ದ ಇಬ್ಬರು ಮಹಿಳೆಯರಿಗೆ ಆಮೇಲಿನ ವಾರಗಳಲ್ಲಿ ತಲೆಗೂದಲು ಗಣನೀಯವಾಗಿ ಉದುರಿದ್ದನ್ನು ವರದಿ ಮಾಡಿದ್ದರು. ಆದ್ದರಿಂದ ಯಾವ ಜುಕಿನಿಯಾದರೂ ಹೆಚ್ಚುವಾಗ ತುದಿಯ ಸಣ್ಣ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಕಹಿ ಭಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸುವ ಉಳಿತಾಯ ಬೇಡ.

ಬೀಜ ಮಾಡಿಕೊಳ್ಳುವ ಆಸೆ ನಿಜವಾಗಿ ಇದ್ದರೆ ಮುಂದಿನ ಸಲ ಎಫ್1 ಅಲ್ಲದ ತಳಿ ಹಾಕಿ. ನಾಳೆ ಅರಳಲಿರುವ ಮೊಗ್ಗು ಹಿಂದಿನ ಸಂಜೆಯೇ ಹಳದಿಗೆ ತಿರುಗಿ ತುದಿ ಸಡಿಲವಾಗಿರುತ್ತದೆ. ಅಂಥ ಒಂದು ಗಂಡು, ಒಂದು ಹೆಣ್ಣು ಮೊಗ್ಗಿನ ತುದಿಗೆ ಟೇಪು ಸುತ್ತಿ. ಬೆಳಿಗ್ಗೆ ಬಿಚ್ಚಿ ಕೈಯಿಂದ ಪರಾಗ ಕೊಟ್ಟು, ಹೆಣ್ಣು ಹೂವನ್ನು ಮತ್ತೆ ಮುಚ್ಚಿ ಟೇಪು ಹಾಕಿ, ತೊಟ್ಟಿಗೊಂದು ದಾರ ಕಟ್ಟಿ ಗುರುತಿಡಿ. ಸಿಪ್ಪೆಗೆ ಉಗುರು ಇಳಿಯದಷ್ಟು ಬಲಿಯುವವರೆಗೆ ಗಿಡದಲ್ಲೇ ಬಿಟ್ಟು, ಕೊಯ್ದ ಮೇಲೂ ಎರಡು ಮೂರು ವಾರ ನೆರಳಿನಲ್ಲಿಟ್ಟು ಆಮೇಲೆ ಬೀಜ ತೆಗೆಯಬೇಕು. ಆ ಗಿಡದಿಂದ ಬೇರೆ ಕಾಯಿ ಸಿಗುವುದು ಕಡಿಮೆಯಾದ್ದರಿಂದ ಇದಕ್ಕೆಂದೇ ಒಂದು ಗಿಡ ಮೀಸಲಿಡಿ.

ಈಗಿನ ಕಾಯಿಯನ್ನು ಇವತ್ತೇ ಕತ್ತರಿಸಿ. ನಾಲಿಗೆಗೆ ಕಹಿ ತಾಗದಿದ್ದರೆ ಗಟ್ಟಿಯಾದ ಸಿಪ್ಪೆ ಹೆರೆದು, ನಡುವಿನ ಬೀಜ ಕೆರೆದು ತೆಗೆದು, ಉಳಿದ ತಿರುಳನ್ನು ಅಡುಗೆಗೆ ಬಳಸಿಕೊಳ್ಳಿ. ಆ ಬೀಜಗಳನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಕೆಲವು ಅಲ್ಲೇ ಮೊಳೆಯುತ್ತವೆ. ಎಷ್ಟೇ ಚೆಂದವಾಗಿ ಬೆಳೆದರೂ ಆ ಸಸಿಗಳನ್ನು ಉಳಿಸಿಕೊಳ್ಳಬೇಡಿ, ಕಿತ್ತುಹಾಕಿ.